ಮಾತಿಗೂ ಕೂಲಿ

ಮೊಬೈಲ್ ಪರದೆಯ ಮೇಲೆ ಒಂದು ಕನ್ನಡ ವಾಕ್ಯ ಮೂಡುತ್ತದೆ. ಅದನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಬೇಕು. ನಾಲಿಗೆ ತೊದಲಿದರೆ ಮತ್ತೊಮ್ಮೆ ಓದಬೇಕು. ಸರಿಯಾಯಿತೆಂದರೆ ಮುಂದಿನ ವಾಕ್ಯ. 2023ರಲ್ಲಿ ಕರ್ನಾಟಕದ ಕೆಲವು ಹಳ್ಳಿಗಳ ಜನ ವಾರಗಟ್ಟಲೆ ಮಾಡಿದ್ದು ಇದೇ ಕೆಲಸ. ಕ್ಷಯರೋಗದ ಬಗ್ಗೆ ಕೇಳಿದ ಪ್ರಶ್ನೆಗೆ ಕೇಳಿದವರ ಭಾಷೆಯಲ್ಲೇ ಉತ್ತರ ಕೊಡುವ ಚಾಟ್‌ಬಾಟ್ ಒಂದನ್ನು ರೂಪಿಸಲು ಅವರ ದನಿ ಬೇಕಾಗಿತ್ತು. ಓದಿದ್ದಕ್ಕೆ ಅವರಿಗೆ ಹಣ ಸಿಕ್ಕಿತು.

ಆನ್‌ಲೈನ್ ಸಂಪಾದನೆ ಎಂದೊಡನೆ ಯೂಟ್ಯೂಬ್ ಚಾನೆಲ್ಲೋ ಆನ್‌ಲೈನ್ ಅಂಗಡಿಯೋ ನೆನಪಾಗುತ್ತದೆ. ಅಲ್ಲಿ ನೋಡುಗರನ್ನು, ಗಿರಾಕಿಗಳನ್ನು ಕೂಡಿಸುವುದರಲ್ಲೇ ವರ್ಷಗಳು ಕಳೆಯಬಹುದು. ಮಾತಿನ ಕೆಲಸಕ್ಕೆ ಅಂಥ ಕಾಯುವಿಕೆ ಬೇಡ. ಒಂದು ಸ್ಮಾರ್ಟ್‌ಫೋನು, ಓದು ಬರಹ, ಮನೆಯಲ್ಲಿ ಆಡುವ ಭಾಷೆ ಇದ್ದರೆ ಸಾಕು.

ಕನ್ನಡದ ದನಿಗೆ ಈಗೇಕೆ ಬೆಲೆ ಬಂತು? 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ಇಷ್ಟು ಜನರಿದ್ದರೂ ಇಂಟರ್‌ನೆಟ್ಟಿನಲ್ಲಿ ಸಿಗುವ ಕನ್ನಡ ಕಡಿಮೆ, ಅದರಲ್ಲೂ ಆಡುಮಾತಿನ ಕನ್ನಡ ಇನ್ನೂ ಕಡಿಮೆ. ಕೃತಕ ಬುದ್ಧಿಮತ್ತೆಯ ಯಂತ್ರ ಕೇಳಿಸಿಕೊಂಡದ್ದನ್ನಷ್ಟೇ ಕಲಿಯುತ್ತದೆ. ಮೈಸೂರು ಸೀಮೆಯ ಮಾತನ್ನು ಮಾತ್ರ ಕೇಳಿ ಕಲಿತ ಯಂತ್ರ ಕಲಬುರಗಿಯ ರೈತನ ಪ್ರಶ್ನೆಗೆ, ಕುಂದಾಪುರದ ಮೀನುಗಾರ್ತಿಯ ಪ್ರಶ್ನೆಗೆ ತಬ್ಬಿಬ್ಬಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ನಡೆಸುತ್ತಿರುವ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳಿಂದ ಮಾತು ಸಂಗ್ರಹಿಸುವ ಗುರಿ ಇಟ್ಟುಕೊಂಡದ್ದು ಈ ಕಾರಣಕ್ಕೇ.

ಮನುಷ್ಯರಿಂದ ಚೂರುಚೂರು ಕೆಲಸ ಮಾಡಿಸಿ ಯಂತ್ರಕ್ಕೆ ಕಲಿಸುವುದು ಹೊಸದಲ್ಲ. ಅಮೆಜಾನ್ ಕಂಪನಿ 2005ರಲ್ಲೇ ‘ಮೆಕ್ಯಾನಿಕಲ್ ಟರ್ಕ್’ ಎಂಬ ತಾಣ ತೆರೆದಿತ್ತು. ಚಿತ್ರದಲ್ಲಿರುವುದು ಏನೆಂದು ಗುರುತಿಸುವುದು, ಬರಹ ತಿದ್ದುವುದು ಇಂಥ ಕೆಲಸಗಳನ್ನು ಅಲ್ಲಿ ಆನ್‌ಲೈನಿನಲ್ಲೇ ಮಾಡಿಸುತ್ತಿದ್ದರು. ‘ಇಮೇಜ್‌ನೆಟ್’ ಎಂಬ ಪ್ರಸಿದ್ಧ ಚಿತ್ರಸಂಗ್ರಹದ ಲಕ್ಷಾಂತರ ಚಿತ್ರಗಳಿಗೆ ಹೆಸರಿನ ಚೀಟಿ ಅಂಟಿಸಿದ್ದು ಇಲ್ಲಿನ ಕೆಲಸಗಾರರೇ. ಕೂಲಿ ಮಾತ್ರ ತೀರಾ ಕಡಿಮೆ. 2018ರ ಅಧ್ಯಯನವೊಂದರಲ್ಲಿ ನಡುಮಟ್ಟದ ಗಳಿಕೆ ಗಂಟೆಗೆ ಸುಮಾರು 2 ಡಾಲರ್ ಎಂದು ಕಂಡುಬಂತು. ಕೆಲಸ ಹುಡುಕುತ್ತ ಕೂತ ಹೊತ್ತಿಗೆ ಕಾಸಿಲ್ಲ.

ಈ ಅನ್ಯಾಯಕ್ಕೆ ಬೇರೆಯದೇ ಉತ್ತರ ಹುಡುಕಿದ್ದು ಬೆಂಗಳೂರಿನ ‘ಕಾರ್ಯ’ ಸಂಸ್ಥೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧನೆಯೊಂದರಿಂದ ಬೆಳೆದ ಇದು 2021ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೆಲೆಗೊಂಡಿತು. 2023ರಲ್ಲಿ ಇದು ಕೊಡುತ್ತಿದ್ದ ಕೂಲಿ ಗಂಟೆಗೆ ಕನಿಷ್ಠ 5 ಡಾಲರ್, ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 400 ರೂಪಾಯಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಒಬ್ಬರು ಓದಿಕೊಟ್ಟ ಮಾತು ಮತ್ತೆ ಬೇರೆಯವರಿಗೆ ಮಾರಾಟವಾದರೆ ಓದಿದವರಿಗೆ ಪಾಲು ಸಲ್ಲಬೇಕೆಂಬ ನಿಯಮ. ಪುಸ್ತಕ ಬರೆದವರಿಗೆ ರಾಯಲ್ಟಿ ಸಿಗುವಂತೆ ಹಳ್ಳಿಯ ಹೆಂಗಸಿನ ದನಿಗೂ ಸಿಗಬೇಕೆಂಬ ಈ ನಿಲುವು ದೊಡ್ಡದು. ದತ್ತಾಂಶ ಕೊಂಡು ಬೆಳೆದ ಎಲ್ಲ ಕಂಪನಿಗಳೂ ಇದನ್ನು ಒಪ್ಪಬೇಕಾದ ಕಾಲ ಬಂದಿದೆ.

ಹಾಗೆಂದು ಇದು ಕಾಯಂ ನೌಕರಿಯಲ್ಲ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಹೆಚ್ಚು ಜನರಿಗೆ ಅವಕಾಶ ಸಿಗಲೆಂದು ಒಬ್ಬರ ಗಳಿಕೆಗೆ ಸುಮಾರು 1,500 ಡಾಲರ್ ಮಿತಿಯನ್ನು ‘ಕಾರ್ಯ’ವೇ ಹಾಕಿತ್ತು. ಮಕ್ಕಳ ಫೀಸಿಗೋ ಹಳೆಯ ಸಾಲಕ್ಕೋ ಒದಗುವ ಹೆಚ್ಚುವರಿ ಸಂಪಾದನೆ ಎಂದು ತಿಳಿದರೆ ಸರಿ. ಇನ್ನು ಎಲ್ಲ ಕಡೆಯೂ ದನಿಗೆ ದುಡ್ಡಿಲ್ಲ. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆಯ ‘ಭಾಷಾದಾನ’ದಲ್ಲಿ ಜನ ತಮ್ಮ ಮಾತನ್ನು ದಾನವಾಗಿಯೇ ಕೊಡುತ್ತಾರೆ. ಕೊಡುವ ಮುನ್ನ ಅದು ದಾನವೋ ದುಡಿಮೆಯೋ ಎಂದು ಕೇಳುವುದು ಪ್ರತಿಯೊಬ್ಬರ ಹಕ್ಕು.

ಇಂಥ ಕೆಲಸ ಹುಡುಕುವಾಗ ಎಚ್ಚರವೂ ಬೇಕು. ‘ಮನೆಯಲ್ಲೇ ಕೂತು ದುಡಿಯಿರಿ’ ಎನ್ನುವ ವಾಟ್ಸಾಪ್, ಟೆಲಿಗ್ರಾಂ ಸಂದೇಶಗಳ ಹಿಂದೆ ಹಲವು ಸಲ ಇರುವುದು ವಂಚಕರು. ಅವರ ಪಟ್ಟು ಒಂದೇ ಬಗೆಯದು. ವಿಡಿಯೊಗೆ ಲೈಕ್ ಒತ್ತಿದ್ದಕ್ಕೆ ಮೊದಲು ನೂರಿನ್ನೂರು ರೂಪಾಯಿ ಹಾಕುತ್ತಾರೆ. ನಂಬಿಕೆ ಹುಟ್ಟಿದ ಮೇಲೆ ‘ದೊಡ್ಡ ಟಾಸ್ಕ್’ಗೆ ಮುಂಗಡ ಕಟ್ಟಿ ಎನ್ನುತ್ತಾರೆ. ಆ್ಯಪಿನಲ್ಲಿ ಲಾಭ ಏರುತ್ತಿರುವಂತೆ ಕಾಣುತ್ತದೆ. ತೆಗೆಯಲು ಹೋದರೆ ತೆರಿಗೆ, ಶುಲ್ಕ ಎಂದು ಮತ್ತಷ್ಟು ಕೇಳುತ್ತಾರೆ. ನಿಜವಾದ ಕೆಲಸದಲ್ಲಿ ದುಡ್ಡು ಮಾಲೀಕನಿಂದ ಕೆಲಸಗಾರನತ್ತ ಬರುತ್ತದೆ. ಕೆಲಸ ಕೊಡುವವನೇ ನೋಂದಣಿಗೆಂದೋ ಠೇವಣಿಯೆಂದೋ ಹಣ ಕೇಳಿದರೆ, ಓಟಿಪಿ ಕೇಳಿದರೆ, ಅಲ್ಲಿಗೇ ನಿಲ್ಲಿಸಬೇಕು.

ಹಣ ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿಯೂ ದೂರು ಕೊಡಬಹುದು. ವಹಿವಾಟಿನ ಸಂಖ್ಯೆ, ಸಂದೇಶಗಳ ಸ್ಕ್ರೀನ್‌ಶಾಟ್, ಹಣ ಹೋದ ಖಾತೆಯ ವಿವರ ಕೈಲಿರಲಿ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ದೂರು ತಲುಪಿದರೆ ಬ್ಯಾಂಕು ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.