ಅಮ್ಮ ಹಾಲು ಬಿಸಿಗಿಟ್ಟಾಗ...

ಮೊನ್ನೆ ನಮ್ಮನೇಲಿ ಒಂದು ಸಣ್ಣ ರಾದ್ಧಾಂತ ಆಗಿಹೋಯ್ತು. ಆರೋಪಿ ಅಮ್ಮ, ಆರೋಪ ಹೊರಿಸಿದವನು ನಾನು. ಕೊನೆಗೆ ತಲೆ ತಗ್ಗಿಸಿದವನೂ ನಾನೇ!

ನಾವಿರೋದು ನ್ಯೂಜೆರ್ಸಿಯಲ್ಲಿ. ಏಳು ತಿಂಗಳ ಮಗಳು ಮಹಡಿ ಮೇಲಿನ ಕೋಣೇಲಿ ಮಲಗ್ತಾಳೆ. ತೊಟ್ಟಿಲ ಹತ್ತಿರ ಒಂದು ವೈ-ಫೈ ಕ್ಯಾಮೆರಾ ಹಾಕಿದೀನಿ, ಕೆಳಗೆ ಕೂತು ಫೋನಿನಲ್ಲೇ ನೋಡ್ತಿರಬಹುದು. ಮೊಮ್ಮಗಳನ್ನ ನೋಡ್ಕೊಳ್ಳೋಕೆ ಹಾಸನದಿಂದ ಅಮ್ಮ ಬಂದಿದಾಳೆ.

ಆ ರಾತ್ರಿ ಟೀವಿ ನೋಡ್ತಾ ಕೂತಿದ್ದೆ. ಫೋನಿನಲ್ಲಿ ಮಗಳು ನೆಮ್ಮದಿಯಾಗಿ ಮಲಗಿದ್ಲು. ಯಾಕೋ ಮೇಲೆ ಹೋದ ಹೆಂಡತಿ "ರೀ, ಪಾಪು ಅತ್ತೂ ಅತ್ತೂ ಕೆಂಪಗಾಗಿದೆ" ಅಂತ ಕೂಗಿದಳು. ಫೋನ್ ನೋಡಿದ್ರೆ ಇನ್ನೂ ಮಲಗೇ ಇದಾಳೆ! ಚಿತ್ರ ಐದು ನಿಮಿಷದ ಹಿಂದೆಯೇ ನಿಂತುಹೋಗಿತ್ತು. ನಿದ್ದೆ ಮಾಡ್ತಿರೋ ಮಗುವಿನ ಚಿತ್ರ ನಿಂತಿದ್ರೆ ಗೊತ್ತಾಗೋದಾದ್ರೂ ಹೇಗೆ ಹೇಳಿ?

"ಅಮ್ಮ, ನೀನೇ ಏನೋ ಒತ್ತಿರ್ತೀಯ" ಅಂದುಬಿಟ್ಟೆ. ಅಮ್ಮ ಮಾತಾಡಲಿಲ್ಲ. ನಾನು ಎರಡು ಸಂಜೆ ರೂಟರ್ ಜೊತೆ ಗುದ್ದಾಡಿದೆ. ಮೂರನೇ ದಿನ ಅಮ್ಮ ಮೆತ್ತಗೆ ಹೇಳಿದಳು: "ಬೈಬೇಡ ಕಣೋ. ನಾನು ಹಾಲು ಬಿಸಿಗಿಟ್ಟಾಗ್ಲೆಲ್ಲ ನಿನ್ನ ಕ್ಯಾಮೆರಾ ನಿಂತ್ಹೋಗತ್ತೆ. ದಿನಾ ನೋಡ್ತಿದೀನಿ."

ನಗು ಬಂತು. ಆದ್ರೂ ಒಂದು ಲೋಟ ನೀರಿಟ್ಟು ಮೈಕ್ರೋವೇವ್ ಓವನ್ ಹಾಕಿ, ಲ್ಯಾಪ್‌ಟಾಪಿನಿಂದ ಕ್ಯಾಮೆರಾಕ್ಕೆ ಪಿಂಗ್ ಕೊಟ್ಟೆ. ಓವನ್ ಶುರು, ಉತ್ತರ ಬಂದ್! ನಗು ಅಲ್ಲಿಗೇ ನಿಂತಿತು.

ವಿಷಯ ಏನಪ್ಪಾ ಅಂದ್ರೆ, ಓವನ್ ಒಳಗಿನ ಮ್ಯಾಗ್ನೆಟ್ರಾನ್ ಹೊರಡಿಸೋ ಅಲೆ ಸುಮಾರು 2.45 ಗಿಗಾಹರ್ಟ್ಸ್. ಇಂಥ ಉಪಕರಣಗಳಿಗೆ ಅಂತಲೇ ಮೀಸಲಿಟ್ಟಿದ್ದ ಈ ತರಂಗಪಟ್ಟಿಯಲ್ಲಿ ಲೈಸೆನ್ಸ್ ಇಲ್ಲದೆ ಸಂಪರ್ಕ ಸಾಧನಗಳನ್ನೂ ಬಳಸಲು ಅಮೆರಿಕದ ಎಫ್‌ಸಿಸಿ 1985ರಲ್ಲಿ ಅನುಮತಿ ಕೊಟ್ಟಿತು. ವೈ-ಫೈನ ಮೊದಲ ಮಾನದಂಡ ಬಂದದ್ದು 1997ರಲ್ಲಿ. ಆಮೇಲೆ ಬ್ಲೂಟೂತ್, ಜಿಗ್‌ಬೀ ಎಲ್ಲವೂ ಅದೇ ಛತ್ರಕ್ಕೆ ಬಂದು ಸೇರಿದವು. ಅಂದ್ರೆ ಆ ಮನೆಗೆ ಓವನ್ನೇ ಹಳೇ ಬಾಡಿಗೆದಾರ, ನಮ್ಮ ವೈ-ಫೈ ಆಮೇಲೆ ಬಂದಿದ್ದು! ಓವನ್ನಿನ ಶಕ್ತಿ ಸಾವಿರ ವ್ಯಾಟ್ ಆಸುಪಾಸು, ರೂಟರಿನದು ಹೆಚ್ಚುಕಮ್ಮಿ ಒಂದು ವ್ಯಾಟಿನ ಹತ್ತನೇ ಒಂದು ಭಾಗ. ಬಾಗಿಲ ಸಂದಿನಿಂದ ಚೂರೇ ಚೂರು ಸೋರಿದ್ರೂ, ನಮಗೇನೂ ಅಪಾಯ ಇಲ್ಲದಿದ್ದರೂ, ಪಕ್ಕದಲ್ಲಿರೋ ರೂಟರಿನ ದನಿ ಅಡಗಿಹೋಗತ್ತೆ. ನಾನೋ, ರೂಟರನ್ನ ಓವನ್ ಪಕ್ಕದ ಶೆಲ್ಫ್ ಮೇಲೇ ಇಟ್ಟಿದ್ದೆ!

ಇದು ನನ್ನೊಬ್ಬನ ದಡ್ಡತನ ಅಲ್ಲ ಅಂತ ಸಮಾಧಾನ ಮಾಡ್ಕೊಳ್ಳೋಕೆ ಒಂದು ಕಥೆ ಸಿಕ್ತು. ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ 64 ಮೀಟರ್ ಅಗಲದ ರೇಡಿಯೋ ದೂರದರ್ಶಕ ಇದೆ. ಅಲ್ಲಿ 1998ರಿಂದ ಆಗಾಗ ವಿಚಿತ್ರ ಸಂಕೇತಗಳು ಕಾಣಿಸ್ತಿದ್ದವು, ಅವಕ್ಕೆ 'ಪೆರಿಟಾನ್' ಅಂತ ಹೆಸರೂ ಬಿತ್ತು. 2015ರಲ್ಲಿ ಗುಟ್ಟು ರಟ್ಟಾಯ್ತು. ಅಲ್ಲಿಯವರೇ ಯಾರೋ ಊಟ ಬಿಸಿ ಮಾಡ್ತಾ, ಓವನ್ ನಿಲ್ಲೋಕೆ ಮುಂಚೆಯೇ ಬಾಗಿಲು ತೆಗೀತಿದ್ರಂತೆ! ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಹದಿನೇಳು ವರ್ಷ ಹಿಡಿದದ್ದು ಅಮ್ಮನಿಗೆ ಮೂರೇ ದಿನ :-)

ಈಗ ರೂಟರ್ ಹಾಲಿಗೆ ಹೋಗಿದೆ. ನಮ್ಮ ಕ್ಯಾಮೆರಾಕ್ಕೆ 2.4 ಬಿಟ್ಟು ಬೇರೆ ಗೊತ್ತಿಲ್ಲ, ಅದಕ್ಕೇ ಚಾನೆಲ್ 11 ಬಿಟ್ಟು 1ಕ್ಕೆ ಬದಲಾಯಿಸಿದೆ. 11ರ ನಡುಮಧ್ಯ 2.462, ಓವನ್ನಿಗೆ ತೀರಾ ಹತ್ತಿರ. 1 ಇರೋದು 2.412ರಲ್ಲಿ. ಫೋನು, ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ಗೆ ಹೋದವು. ಆಮೇಲೆ ಎಷ್ಟೋ ಸಲ ಹಾಲು ಬಿಸಿ ಆಗಿದೆ, ಚಿತ್ರ ನಿಂತಿಲ್ಲ. ಆದ್ರೂ ಕ್ಯಾಮೆರಾ ಪರದೆಯಲ್ಲಿ ಗಡಿಯಾರ ಕಾಣೋ ಹಾಗೆ ಮಾಡಿಟ್ಟಿದೀನಿ. ಸೆಕೆಂಡು ಓಡದಿದ್ರೆ ನಾನು ಮೇಲೆ ಓಡಬೇಕು.

ನಿಮ್ಮನೇಲೂ ಏನಾದ್ರೂ ಹೀಗೆ ಕೈಕೊಡ್ತಿದ್ರೆ, ಅದೇ ಹೊತ್ತಿಗೆ ಬೇರೇನು ಓಡ್ತಿದೆ ಅಂತ ಮೊದಲು ನೋಡಿ. ಮನೇಲಿ ಅಮ್ಮ ಇದ್ರೆ ಅವರನ್ನ ಕೇಳಿ.

"ತಪ್ಪಾಯ್ತಮ್ಮ" ಅಂದೆ. "ಇರ್ಲಿ ಬಿಡು, ಹಾಲು ಆರ್ತಿದೆ" ಅಂದಳು.