ರಾಯಚೂರು ಸೀಮೆಯ ಸಣ್ಣ ಹಿಡುವಳಿದಾರರೂ ಮರಸಾಗುವಳಿಯ ಶಿಕ್ಷಣವೂ

ಅರಣ್ಯವೆಂಬ ಶಬ್ದವನ್ನು ಕೇಳಿದೊಡನೆ ಮಲೆನಾಡು ಮನಸ್ಸಿಗೆ ಬರುವುದು ಸಹಜ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಾದರೋ ಕರ್ನಾಟಕದ ಅತ್ಯಲ್ಪ ಅರಣ್ಯವುಳ್ಳ ಜಿಲ್ಲೆಗಳ ಸಾಲಿಗೆ ಸೇರಿದುದು. ಇಲ್ಲಿಯ ಸಣ್ಣ ರೈತನ ಅರಣ್ಯವೆಂದರೆ ಹೊಲದ ಬದುವಿನ ಮೇಲಣ ಕರಿಜಾಲಿ, ಬೇವು, ಬನ್ನಿ, ಹುಣಿಸೆಗಳೇ ಹೊರತು ಬೇರಲ್ಲ. ಇಂತಹ ಮರಗಳ ಒಡೆಯರಿಗೆ ಅವನ್ನು ಬೆಳೆಸಿ, ಸವರಿ, ತಕ್ಕ ಕಾಲದಲ್ಲಿ ಕಡಿದು, ಮತ್ತೆ ಬೆಳೆಸುವ ವಿದ್ಯೆಯು ಯಾವ ಮಾರ್ಗದಿಂದ ದೊರೆಯುತ್ತ ಬಂದಿದೆ, ಎಲ್ಲಿ ಅದು ತಡೆದು ನಿಂತಿದೆ ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ನಾವು ಇತಿಹಾಸದ ಅಭ್ಯಾಸಿಗಳು, ವನಶಾಸ್ತ್ರಜ್ಞರಲ್ಲ. ಆದಕಾರಣ ಸಸ್ಯಶಾಸ್ತ್ರದ ಸೂಕ್ಷ್ಮಗಳಲ್ಲಿ ನಮ್ಮಿಂದ ಹೆಚ್ಚಿನದನ್ನು ವಾಚಕರು ನಿರೀಕ್ಷಿಸಬಾರದು.

ಎರೆಭೂಮಿಯ ಬದುಗಳಲ್ಲಿ ಕರಿಜಾಲಿಯನ್ನು ಉಳಿಸಿಕೊಳ್ಳುವ ರೂಢಿ ಬಹು ಹಳೆಯದು. ನೇಗಿಲು, ಕುಂಟೆ, ಕೂರಿಗೆ, ಬಂಡಿಯ ಗಾಲಿ, ಇವೆಲ್ಲಕ್ಕೂ ಅದೇ ಕಟ್ಟಿಗೆ. ಕಾಯಿ ಆಡುಕುರಿಗಳಿಗೆ, ಮುಳ್ಳು ಬೇಲಿಗೆ. ಯಾವ ಟೊಂಗೆಯನ್ನು ಬಿಟ್ಟರೆ ನೇಗಿಲಿಗೆ ಒದಗುವ ಬಾಗು ಬರುವುದು, ಯಾವುದನ್ನು ಸವರಿದರೆ ಜೋಳಕ್ಕೆ ನೆರಳು ತಗ್ಗುವುದು ಎಂಬುದನ್ನು ಮಗನು ತಂದೆಯಿಂದಲೂ ಊರ ಬಡಿಗನಿಂದಲೂ ಕಲಿಯುತ್ತಿದ್ದನು. ಬಡಿಗನ ಕಮ್ಮಟವೇ ಈ ಸೀಮೆಯ ಮೊದಲ ವನಪಾಠಶಾಲೆಯೆಂದರೆ ಅತಿಶಯೋಕ್ತಿಯಾಗದು. ಕಬ್ಬಿಣದ ನೇಗಿಲೂ ತರುವಾಯ ಟ್ರ್ಯಾಕ್ಟರೂ ಬಂದವು. ಕಟ್ಟಿಗೆಯ ಬೇಡಿಕೆಯೊಡನೆ ಆ ವಿದ್ಯೆಯೂ ಕ್ಷೀಣಿಸಿತು.

ಸರಕಾರದ ವಿದ್ಯೆಯ ಹಾದಿಯೇ ಬೇರೆ. ೧೮೬೪ರಲ್ಲಿ ಬ್ರಾಂಡಿಸ್ ಎಂಬ ಜರ್ಮನ್ ವಿದ್ವಾಂಸನ ಮುಖ್ಯಾಧಿಕಾರದಲ್ಲಿ ಬ್ರಿಟಿಷ್ ಇಂಡಿಯಾದ ಅರಣ್ಯ ಇಲಾಖೆ ಸ್ಥಾಪಿತವಾಯಿತು. ೧೮೭೮ರಲ್ಲಿ ದೆಹರಾದೂನಿನ ಅರಣ್ಯಶಾಲೆ ತೆರೆಯಿತು. ಅಲ್ಲಿ ಕಲಿತವರು ಅರಣ್ಯಾಧಿಕಾರಿಗಳು. ರೈತನು ಆ ಶಾಸ್ತ್ರದ ವಿದ್ಯಾರ್ಥಿಯಾಗಿರಲಿಲ್ಲ, ಅದರ ಕಾನೂನಿಗೆ ಅಧೀನನಾಗಿದ್ದನಷ್ಟೇ. ೧೯೫೦ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಾಗ ಸಸಿ ನೆಡುವ ಉಪದೇಶವು ಹಳ್ಳಿಹಳ್ಳಿಗೂ ತಲುಪಿತು. ೧೯೮೩ರಿಂದ ವಿಶ್ವಬ್ಯಾಂಕಿನ ನೆರವಿನೊಡನೆ ನಡೆದ ಸಾಮಾಜಿಕ ಅರಣ್ಯ ಯೋಜನೆಯು ಸಸಿಗಳನ್ನು ರೈತರ ಹೊಲಗಳಿಗೂ ತಂದಿತು. ೨೦೧೧ರಲ್ಲಿ ಮೊದಲಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ನೆಟ್ಟುದಕ್ಕಲ್ಲ, ಬದುಕಿ ಉಳಿದ ಸಸಿಗೆ ಹಣ ಕೊಡುವುದು ಅದರ ವೈಶಿಷ್ಟ್ಯ. ಪರಿಷ್ಕೃತ ದರದಂತೆ ಮೊದಲ ವರ್ಷಾಂತ್ಯಕ್ಕೆ ೩೫, ಎರಡನೆಯದಕ್ಕೆ ೪೦, ಮೂರನೆಯದಕ್ಕೆ ೫೦, ಹೀಗೆ ಸಸಿಯೊಂದಕ್ಕೆ ಒಟ್ಟು ೧೨೫ ರೂಪಾಯಿ.

(ಮರ ನೆಡಿಸಿದ ಅಶೋಕನನ್ನು ನಮ್ಮ ಜಿಲ್ಲೆಯ ಭಾಷಣಕಾರರು ಮಸ್ಕಿಯ ಶಾಸನದೊಡನೆ ಜೋಡಿಸಿ ಸ್ಮರಿಸುವುದುಂಟು. ಮಸ್ಕಿಯಲ್ಲಿ ಅವನ ಹೆಸರಿದೆ, ಮರದ ಮಾತಿಲ್ಲ. ಅದು ಎರಡನೆಯ ಬಂಡೆಗಲ್ಲು ಶಾಸನದ ವಿಷಯ.)

ಮೂರು ವರ್ಷಗಳ ತರುವಾಯ ಏನು? ಗಿಲ್ಲೆಸುಗೂರಿನ ಹೊಲಗಳಲ್ಲಿ ಸಂಚರಿಸುತ್ತಿದ್ದಾಗ ಹಿರಿಯ ರೈತರೊಬ್ಬರು ನಮ್ಮ ಪ್ರಶ್ನೆಗಳನ್ನೆಲ್ಲ ಕೇಳಿಕೊಂಡು, "ಹಚ್ಚಾದು ಹೇಳಾಕ ಎಲ್ಲಾರೂ ಬರ್ತಾರ್ರೀ ಸರ್, ಕಡಿಯಾದು ಯಾವಾಗಂತ ಹೇಳಾವ್ರು ಯಾರೂ ಇಲ್ರೀ" ಎಂದರು. ಒಂದೂವರೆ ಶತಮಾನದ ಇತಿಹಾಸವನ್ನು ಅವರು ಒಂದು ವಾಕ್ಯದಲ್ಲಿ ಹೇಳಿದರೆಂದು ನಮಗೆ ತೋರಿತು.

ಕಲಿಯಬೇಕಾದುದು ಇರುವುದು ಆ ನಾಲ್ಕನೆಯ ವರ್ಷದಿಂದ ಮುಂದೆಯೇ. ಒತ್ತಾಗಿ ನೆಟ್ಟ ತೇಗವನ್ನು ಕಾಲಕಾಲಕ್ಕೆ ತೆಳುಮಾಡದಿದ್ದರೆ ಎಲ್ಲ ಮರಗಳೂ ಬಡಕಲಾಗಿಯೇ ಉಳಿಯುವುವು. ಆರೈಕೆ ಮಾಡಿದ ಮರವನ್ನು ಕಡಿಯಲು ಮನಸ್ಸು ಬಾರದೆ ರೈತನು ಹಿಂಜರಿಯುವುದು ಇಲ್ಲಿಯೇ. ಶ್ರೀಗಂಧದ ವಿಷಯ ಇನ್ನೂ ಸೂಕ್ಷ್ಮವಾದುದು. ಅದು ಅರೆಪರಾವಲಂಬಿ, ಅದರ ಬೇರು ನೆರೆಯ ಗಿಡದ ಬೇರಿನಿಂದ ಆಹಾರವನ್ನು ಹೀರುತ್ತದೆ. ಎಳೆಯ ಶ್ರೀಗಂಧಕ್ಕೆ ನಮ್ಮ ಸೀಮೆಯ ತೊಗರಿಯೇ ಒಳ್ಳೆಯ ಆಶ್ರಯವೆಂಬುದು, ಮುಂದೆ ಬಹುವಾರ್ಷಿಕ ಮರವೊಂದು ಜೊತೆಗಿರಬೇಕೆಂಬುದು ತಿಳಿಯದೆ, ಒಂಟಿಯಾಗಿ ನೆಟ್ಟವರು ನಷ್ಟಕ್ಕೆ ಒಳಗಾಗುತ್ತಾರೆ.

ಕಾನೂನಿನ ತಿಳಿವಳಿಕೆಯೂ ಈ ಶಿಕ್ಷಣದ ಅಂಗವೇ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ನೀಲಗಿರಿ, ಸರ್ವೆ, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ತೇಗಕ್ಕೆ ಅನುಮತಿ ಬೇಕು. ೨೦೦೧ರ ತಿದ್ದುಪಡಿಯಿಂದ ತನ್ನ ನೆಲದ ಶ್ರೀಗಂಧಕ್ಕೆ ರೈತನೇ ಒಡೆಯನಾದನು. ಪಹಣಿಯಲ್ಲಿ ಮರಗಳನ್ನು ನಮೂದಿಸದೆ ಬಿಟ್ಟವನು ಮಾರಾಟದ ದಿನ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಅಷ್ಟರಲ್ಲಿ ದಲ್ಲಾಳಿಯು ಹೇಳಿದ ಬೆಲೆಗೆ ಒಪ್ಪುವನು.

ಕಲಿಯುವ ಸ್ಥಳಗಳು ಇಲ್ಲವೆಂದಲ್ಲ. ರಾಯಚೂರಿನಲ್ಲಿಯೇ ೨೦೦೮ರಿಂದ ಪ್ರತ್ಯೇಕ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಶ್ರೀಗಂಧದ ಕೃಷಿಯಲ್ಲಿ ತರಬೇತಿ ಕೊಡುತ್ತದೆ. ಆದರೆ ಅದು ಸುಮಾರು ೪೦೦ ಕಿಲೋಮೀಟರ್ ದೂರ. ಎರಡೆಕರೆಯ ಒಡೆಯನು ಹೊಲ ಬಿಟ್ಟು ಅಷ್ಟು ದೂರ ಹೋಗುವುದು ಕಷ್ಟ; ಬೇಸಗೆಯಲ್ಲಿ ಸಸಿಗಳಿಗೆ ಕೊಡದಲ್ಲಿ ನೀರು ಹೊರುವ ಅವನ ಮನೆಯಾಕೆಗೆ ಅದು ಮತ್ತೂ ಕಷ್ಟ. ಸ್ವೀಡನ್ ದೇಶದಲ್ಲಿ ಅರ್ಧದಷ್ಟು ಅರಣ್ಯವು ಸಾಮಾನ್ಯ ಕುಟುಂಬಗಳ ಸ್ವತ್ತು. ಅಲ್ಲಿ ನೆರೆಹೊರೆಯ ಒಡೆಯರು ಸಣ್ಣ ಅಧ್ಯಯನ ಕೂಟಗಳಾಗಿ ಸೇರಿ ಕಲಿಯುವ ರೂಢಿಯುಂಟು. ನಮ್ಮಲ್ಲಿ ತುಂಗಭದ್ರೆಯ ಕಾಲುವೆ ಕಂಡ ಮಾನ್ವಿಯ ಗದ್ದೆಬದುವಿನ ಪಾಠ ಒಂದಾದರೆ, ಮಳೆಯನ್ನೇ ನಂಬಿದ ಎರೆಹೊಲದ ಪಾಠ ಇನ್ನೊಂದು. ಆದಕಾರಣ ಪಾಠವು ಮರದ ಬುಡದಲ್ಲಿಯೇ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಸಸಿ ಎಣಿಸಲು ಬರುವ ಸಿಬ್ಬಂದಿಯು ಐದನೆಯ ವರ್ಷವೂ ಹತ್ತನೆಯ ವರ್ಷವೂ ಕೈಯಲ್ಲಿ ಅಳತೆಯ ಪಟ್ಟಿ ಹಿಡಿದು ಬಂದರೆ, ಹೊಸ ಕಟ್ಟಡವೊಂದನ್ನು ಕಟ್ಟುವ ಅಗತ್ಯವೂ ಬೀಳದು.

ಯೋಜನೆಯ ಮೊದಲ ವರ್ಷಗಳಲ್ಲಿ ನೆಟ್ಟು ಉಳಿದ ಮರಗಳಿಗೆ ಈಗ ಹತ್ತು ವರ್ಷಕ್ಕೆ ಮೀರಿದ ಪ್ರಾಯ. ಗಿಲ್ಲೆಸುಗೂರಿನ ಆ ಹಿರಿಯರ ಬದುವಿನಲ್ಲಿ ತೇಗದ ಒಂದು ಸಾಲು ಇದೆ, ಎಲ್ಲವೂ ತೋಳಿನ ಗಾತ್ರದವು. ಯಾವುದನ್ನು ಕಡಿದು ಯಾವುದನ್ನು ಬಿಡಬೇಕೆಂದು ಅವರು ನಮ್ಮನ್ನೇ ಕೇಳಿದರು.