ಹಳೆಯ ಜೀಪಿನ ಕ್ಲಚ್ಚು: ಕೇಂದ್ರ ಕೂಡಿಸುವ ಕ್ರಮ

ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಹಾವೇರಿ ಮತ್ತು ರಾಣೆಬೆನ್ನೂರುಗಳೂ, ಹೆದ್ದಾರಿಯಿಂದ ತುಸು ಒಳಗೆ ಬ್ಯಾಡಗಿಯೂ ಇವೆ. ಏಲಕ್ಕಿ ಹಾರದ ಹಾವೇರಿ, ಹತ್ತಿ ಮತ್ತು ಬಿತ್ತನೆ ಬೀಜಗಳ ವ್ಯಾಪಾರದ ರಾಣೆಬೆನ್ನೂರು, ಮೆಣಸಿನಕಾಯಿಯ ಬ್ಯಾಡಗಿ—ಈ ಮೂರು ಪೇಟೆಗಳ ಸರಕನ್ನು ಹಿಂದೆ ಎತ್ತಿನ ಬಂಡಿಗಳೂ ರೈಲೂ ಸಾಗಿಸುತ್ತಿದ್ದವು. ಸ್ವಾತಂತ್ರ್ಯಾನಂತರ ಮೋಟಾರು ವಾಹನಗಳು ಹೆಚ್ಚಿದವು. ಮುಂಬಯಿಯ ಮಹೀಂದ್ರಾ ಸಂಸ್ಥೆ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಕೈಗೊಂಡಿತು. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಲ್ಲಿ ಜಮ್‌ಶೇಡ್‌ಪುರದಲ್ಲಿ ಲಾರಿಗಳ ತಯಾರಿಕೆಯನ್ನು ಆರಂಭಿಸಿತು. ಆ ಕಾಲದ ಜೀಪುಗಳನ್ನು ಜತನದಿಂದ ಉಳಿಸಿಕೊಂಡವರು ಇಂದಿಗೂ ಉಂಟು. 50 ವರ್ಷ ಮೀರಿದ, ಮೂಲರೂಪ ಕೆಡದ ಖಾಸಗಿ ವಾಹನಗಳಿಗೆ ಪ್ರತ್ಯೇಕ ನೋಂದಣಿ ನೀಡುವ ನಿಯಮವನ್ನು ಭಾರತ ಸರಕಾರ 2021ರಲ್ಲಿ ಜಾರಿಗೆ ತಂದಿತು.

ಇಂತಹ ವಾಹನವನ್ನು ದುರಸ್ತಿ ಮಾಡುವವರಿಗೆ ಒಂದು ಸಮಸ್ಯೆ ತಪ್ಪದೆ ಎದುರಾಗುತ್ತದೆ. ಕ್ಲಚ್ಚಿನ ಫಲಕ ಸವೆದುದರಿಂದ ಗೇರುಪೆಟ್ಟಿಗೆಯನ್ನು ಕೆಳಗಿಳಿಸಿ, ಹೊಸ ಫಲಕವನ್ನು ಕೂಡಿಸಿ, ಪೆಟ್ಟಿಗೆಯನ್ನು ಮತ್ತೆ ಮೇಲಕ್ಕೆತ್ತುತ್ತಾರೆ. ಎಂಜಿನ್ನು ಸರಿಯಾಗಿದೆ, ಪೆಟ್ಟಿಗೆಯೂ ಸರಿಯಾಗಿದೆ. ಆದರೂ ಎರಡೂ ಒಂದನ್ನೊಂದು ಕೂಡಲೊಲ್ಲವು! ಅರ್ಧ ಅಂಗುಲದಷ್ಟು ಅಂತರ ಹಾಗೆಯೇ ಉಳಿಯುತ್ತದೆ. ಇದಕ್ಕೆ ಕಾರಣವೇನು? ಉತ್ತರ ತಿಳಿಯಬೇಕಾದರೆ ಕ್ಲಚ್ಚಿನ ರಚನೆಯನ್ನು ಮೊದಲು ನೋಡಬೇಕು.

ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೆ ಬೋಲ್ಟುಗಳಿಂದ ಬಿಗಿದ ಕವಚದೊಳಗೆ, ಬಲವಾದ ಸ್ಪ್ರಿಂಗುಗಳ ಒತ್ತಡಕ್ಕೆ ಸಿಕ್ಕಿದ ಪ್ರೆಶರ್ ಪ್ಲೇಟು ಇರುತ್ತದೆ. ಈ ಎರಡರ ನಡುವೆ ಇರುವುದೇ ಕ್ಲಚ್ ಪ್ಲೇಟು. ಒಂದು ಕಟಕ ರೊಟ್ಟಿಯನ್ನು ಎರಡು ಅಂಗೈಗಳ ನಡುವೆ ಒತ್ತಿಹಿಡಿದು ಕೈಗಳನ್ನು ತಿರುಗಿಸಿದರೆ ರೊಟ್ಟಿಯೂ ತಿರುಗುವುದಷ್ಟೆ. ಹಿಡಿತ ಸಡಿಲಿಸಿದರೆ ಕೈಗಳು ಮಾತ್ರ ತಿರುಗುತ್ತವೆ. ಚಾಲಕನು ಪೆಡಲನ್ನು ತುಳಿದಾಗ ಹಿಡಿತ ಸಡಿಲುವುದು; ಪೆಡಲನ್ನು ಬಿಟ್ಟಾಗ ಮತ್ತೆ ಬಿಗಿಯುವುದು.

ಈ ಹಿಡಿತದ ಬಲವೆಷ್ಟು? ಉದಾಹರಣೆಗೆ, ಸ್ಪ್ರಿಂಗುಗಳ ಒಟ್ಟು ಒತ್ತಡ 400 ಕಿಲೋಗ್ರಾಂ ತೂಕದಷ್ಟು, ಘರ್ಷಣಾಂಕ 0.3 ಎಂದು ಇಟ್ಟುಕೊಳ್ಳೋಣ. ಆಗ ಒಂದು ಮುಖದ ಘರ್ಷಣಬಲ 120 ಕಿಲೋಗ್ರಾಂ. ಎರಡು ಮುಖಗಳದು 240. ಘರ್ಷಣೆ ನಡೆಯುವ ಪಟ್ಟಿಯ ಸರಾಸರಿ ತ್ರಿಜ್ಯ 9 ಸೆಂಟಿಮೀಟರ್ ಆದರೆ, ತಿರುಚುಬಲ 21.6 ಕಿಲೋಗ್ರಾಂ-ಮೀಟರ್ ಆಗುವುದು. ಹಳೆಯ ಜೀಪಿನ ಎಂಜಿನ್ನು ಕೊಡುವ ಗರಿಷ್ಠ ತಿರುಚುಬಲ ಸುಮಾರು 15 ಕಿಲೋಗ್ರಾಂ-ಮೀಟರ್. ಆದುದರಿಂದ ಕ್ಲಚ್ಚು ಜಾರದು. ಆದರೆ ಎಣ್ಣೆ ತಗುಲಿ ಘರ್ಷಣಾಂಕ ಅರ್ಧಕ್ಕೆ ಇಳಿಯಿತೆನ್ನಿ, ಹಿಡಿತ 10.8ಕ್ಕೆ ಕುಗ್ಗಿ, ಕ್ಲಚ್ಚು ಜಾರತೊಡಗುವುದು. ಫಲಕವನ್ನು ಎಣ್ಣೆಗೈಯಿಂದ ಮುಟ್ಟಬಾರದೆಂದು ಮಿಸ್ತ್ರಿಗಳು ಹೇಳುವುದು ಇದಕ್ಕಾಗಿಯೇ. ಮಳೆಗಾಲದಲ್ಲಿ ಎರೆಭೂಮಿಯ ಕೆಸರಿನಲ್ಲಿ ಹೂತ ಜೀಪನ್ನು ಅರೆತುಳಿದ ಪೆಡಲಿನಿಂದ ಎಬ್ಬಿಸಲು ಹೋದರೂ ಫಲಕ ಜಾರಿ, ಕಾದು, ಬೇಗನೆ ಸವೆಯುವುದು.

ಇನ್ನು ಕೇಂದ್ರದ ವಿಚಾರಕ್ಕೆ ಬರೋಣ. ಕ್ಲಚ್ ಪ್ಲೇಟಿನ ನಡುವೆ ಹಲ್ಲುಗಳುಳ್ಳ ರಂಧ್ರವಿದೆ. ಗೇರುಪೆಟ್ಟಿಗೆಯಿಂದ ಮುಂಚಾಚಿರುವ ದಂಡದ ಮೇಲೂ ಅದಕ್ಕೆ ಹೊಂದುವ ಉದ್ದನೆಯ ಹಲ್ಲುಗಳಿವೆ. ದಂಡವು ಈ ರಂಧ್ರದ ಮೂಲಕ ಹಾಯ್ದು, ತನ್ನ ತುದಿಯನ್ನು ಎಂಜಿನ್ನಿನ ಕ್ರ್ಯಾಂಕ್ ದಂಡದ ನಡುವಿನಲ್ಲಿರುವ ಪೈಲಟ್ ಬುಶ್ಶಿನಲ್ಲಿ ಊರಬೇಕು. ಅಂದರೆ ಪ್ಲೇಟಿನ ರಂಧ್ರವೂ ಬುಶ್ಶಿನ ರಂಧ್ರವೂ ಒಂದೇ ನೇರದಲ್ಲಿರಬೇಕು. ಗಾಲಿಯ ಗುಂಬದ ರಂಧ್ರ ಅಚ್ಚಿನ ನೇರಕ್ಕೆ ಬಾರದಿದ್ದರೆ ಬಂಡಿಗೆ ಗಾಲಿಯನ್ನು ಏರಿಸಲಾಗುವುದೇ?

ಕವಚದ ಬೋಲ್ಟುಗಳು ಸಡಿಲವಾಗಿರುವಾಗ ಪ್ಲೇಟನ್ನು ಹಿಡಿದಿಡುವುದು ಯಾವುದೂ ಇಲ್ಲ. ತನ್ನ ಭಾರದಿಂದಲೇ ಅದು ತುಸು ಕೆಳಗೆ ಜಾರುವುದು. ಆಗ ಬೋಲ್ಟುಗಳನ್ನು ಬಿಗಿದರೆ ಜಾರಿದ ಸ್ಥಾನದಲ್ಲಿಯೇ ಸ್ಪ್ರಿಂಗುಗಳು ಅದನ್ನು ಕಚ್ಚಿಹಿಡಿಯುವವು. ವ್ಯತ್ಯಾಸ ಕೆಲವೇ ಮಿಲಿಮೀಟರುಗಳಾದರೂ ದಂಡ ಒಳಹೋಗದು.

ಇಲ್ಲೊಂದು ವಿಶೇಷವನ್ನು ವಿದ್ಯಾರ್ಥಿಗಳು ಗಮನಿಸಬೇಕು. ದಂಡ ಒಮ್ಮೆ ಸ್ವಸ್ಥಾನ ಸೇರಿತೆಂದರೆ ಪ್ಲೇಟಿನ ಕೇಂದ್ರವನ್ನು ಕಾಯುವುದು ದಂಡವೇ. ಮೊದಲ ಸಲ ಪೆಡಲನ್ನು ತುಳಿದಾಗ ಅಲ್ಪಸ್ವಲ್ಪ ದೋಷ ತಾನಾಗಿಯೇ ಸರಿಹೋಗುವುದು. ಹಾಗಾದರೆ ಕೇಂದ್ರ ಕೂಡಿಸುವ ಶ್ರಮವೇಕೆ? ಜೋಡಣೆಯ ಆ ಕೆಲವು ನಿಮಿಷಗಳಿಗಾಗಿ. ಜೀಪಿನ ಗೇರುಪೆಟ್ಟಿಗೆಗೆ ನಾಲ್ಕೂ ಗಾಲಿಗಳಿಗೆ ಶಕ್ತಿ ಹಂಚುವ ಇನ್ನೊಂದು ಪೆಟ್ಟಿಗೆಯೂ ಅಂಟಿಕೊಂಡಿರುತ್ತದೆ. ದಂಡವು ಅರ್ಧದಲ್ಲಿ ಸಿಕ್ಕಿಕೊಂಡಾಗ ಇಷ್ಟೂ ಭಾರ ಪ್ಲೇಟಿನ ನಡುಭಾಗದ ಮೇಲೆ ತೂಗಿದರೆ ಪ್ಲೇಟು ಬಾಗುವುದು. ಬಾಗಿದ ಪ್ಲೇಟು ಪೆಡಲನ್ನು ಪೂರ್ತಿ ತುಳಿದರೂ ಬಿಡಿಸಿಕೊಳ್ಳದು. ಗೇರು ಹಾಕುವಾಗ ಹಲ್ಲುಗಳು ಕಿರುಗುಟ್ಟುವವು. ಮಾಡಿದ ಕೆಲಸವನ್ನೆಲ್ಲ ಮರಳಿ ಮಾಡಬೇಕಾಗುವುದು.

ಕೇಂದ್ರ ಕೂಡಿಸಲು ಬೇಕಾದ ಸಾಧನ ಸರಳವಾದುದು: ಅದೊಂದು ಹುಸಿದಂಡ. ಅದೇ ಮಾದರಿಯ ಗುಜರಿ ಗೇರುಪೆಟ್ಟಿಗೆಯ ಹಳೆಯ ದಂಡ ದೊರೆತರೆ ಎಲ್ಲಕ್ಕಿಂತ ಉತ್ತಮ. ಇಲ್ಲವಾದರೆ ಲೇತಿನ ಮೇಲೆ ಗಟ್ಟಿಮರದ ಇಲ್ಲವೆ ಕಬ್ಬಿಣದ ತುಂಡನ್ನು ಎರಡು ಅಳತೆಗಳಿಗೆ ಕಡೆದುಕೊಳ್ಳಬೇಕು: ತುದಿಯು ಬುಶ್ಶಿನೊಳಗೆ, ಅದರ ಹಿಂದಿನ ದಪ್ಪಭಾಗವು ಪ್ಲೇಟಿನ ರಂಧ್ರದೊಳಗೆ ಅಲುಗಾಡದೆ, ಆದರೆ ಸರಾಗವಾಗಿ ಜಾರುವಂತಿರಬೇಕು.

ಕೆಲಸದ ಕ್ರಮ ಹೀಗೆ. ಹಳೆಯ ಕವಚವನ್ನೇ ಮತ್ತೆ ಬಳಸುವುದಾದರೆ, ಬಿಚ್ಚುವ ಮೊದಲೇ ಅದಕ್ಕೂ ಫ್ಲೈವೀಲಿಗೂ ಕೂಡುವಂತೆ ಒಂದು ಗುರುತು ಹಾಕಬೇಕು. ಅದೇ ಸ್ಥಾನದಲ್ಲಿ ಕೂಡಿಸಿದರೆ ಚಕ್ರದ ಸಮತೋಲ ಕೆಡದು. ಹೊಸ ಪ್ಲೇಟು ಗೇರುಪೆಟ್ಟಿಗೆಯ ದಂಡದ ಮೇಲೆ ಸುಲಭವಾಗಿ ಜಾರುವುದೇ ಎಂದು ಮೊದಲೇ ನೋಡಬೇಕು. ಬುಶ್ಶು ಸವೆದಿದ್ದರೆ ಬದಲಾಯಿಸಬೇಕು. ಪ್ಲೇಟಿನ ಯಾವ ಮುಖ ಫ್ಲೈವೀಲಿನತ್ತ ಇರಬೇಕೆಂಬುದನ್ನು ಖಚಿತಪಡಿಸಿಕೊಂಡು, ಹುಸಿದಂಡವನ್ನು ತೂರಿಸಿ, ಅದರ ತುದಿಯನ್ನು ಬುಶ್ಶಿನಲ್ಲಿ ಊರಬೇಕು. ಬಳಿಕ ಕವಚದ ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದು ಸುತ್ತಿನಂತೆ ಬಿಗಿಯುತ್ತ ಬರಬೇಕು. ಒಂದೇ ಪಕ್ಕವನ್ನು ಮೊದಲು ಬಿಗಿದರೆ ಕವಚ ಸೊಟ್ಟಗಾಗುವುದು. ಪೂರ್ತಿ ಬಿಗಿದ ಮೇಲೆ ಹುಸಿದಂಡವನ್ನು ಹೊರಗೆಳೆದು ಮತ್ತೆ ತೂರಿಸಬೇಕು. ಬೆರಳ ಬಲದಿಂದಲೇ ಅದು ಹೋಗಿಬಂದರೆ ಕೇಂದ್ರ ಕೂಡಿತೆಂದು ತಿಳಿಯಬಹುದು.

ಅನಂತರ ಪೆಟ್ಟಿಗೆಯನ್ನು ಎಂಜಿನ್ನಿನ ನೇರಕ್ಕೆ ಎತ್ತಬೇಕು. ತಲೆ ಕತ್ತರಿಸಿದ ಎರಡು ಉದ್ದನೆಯ ಬೋಲ್ಟುಗಳನ್ನು ಮೇಲಿನ ರಂಧ್ರಗಳಲ್ಲಿ ತಿರುಪಿಟ್ಟರೆ ಅವು ದಾರಿ ತೋರಿಸುವವು, ಭಾರವನ್ನೂ ಹೊರುವವು. ಪೆಟ್ಟಿಗೆಯನ್ನು ಮೇಲಿನ ಗೇರಿಗೆ ಹಾಕಿ, ಹಿಂಬದಿಯ ದಂಡವನ್ನು ಮೆಲ್ಲನೆ ತಿರುಗಿಸಿದರೆ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವವು. ಆಗಲೂ ಅಂತರ ಉಳಿದರೆ ಅದನ್ನು ಪರೀಕ್ಷಿಸಬೇಕು. ಸುತ್ತಲೂ ಸಮನಾಗಿದ್ದರೆ ಹಲ್ಲಾಗಲಿ ಕೇಂದ್ರವಾಗಲಿ ಕೂಡಿಲ್ಲ. ಒಂದು ಪಕ್ಕ ಹೆಚ್ಚು, ಇನ್ನೊಂದು ಪಕ್ಕ ಕಡಿಮೆಯಿದ್ದರೆ ಪೆಟ್ಟಿಗೆ ಓರೆಯಾಗಿದೆ. ಯಾವ ಕಾರಣಕ್ಕೂ ಬೋಲ್ಟುಗಳನ್ನು ಬಿಗಿದು ಅದನ್ನು ಒಳಕ್ಕೆಳೆಯಬಾರದು. ಎರಕದ ಕವಚದ ಕಿವಿ ಮುರಿದೀತು; ಹಳೆಯ ವಾಹನಗಳಿಗೆ ಅಂತಹ ಭಾಗ ಮತ್ತೆ ದೊರೆಯುವುದು ದುರ್ಲಭ.

ಎರಡು ಎಚ್ಚರಿಕೆಗಳು ಅಗತ್ಯ. ಬರಿಯ ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಯಾರೂ ಹೋಗಬಾರದು. ಗಟ್ಟಿಯಾದ ಆಧಾರಗಳನ್ನು ಕೊಟ್ಟು, ಗಾಲಿಗಳಿಗೆ ತಡೆಯೊಡ್ಡಿದ ಬಳಿಕವೇ ಕೆಲಸ ಹಿಡಿಯಬೇಕು. ಎರಡನೆಯದಾಗಿ, ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಗಾಳಿಯೂದಿ ಆ ಧೂಳನ್ನು ಹಾರಿಸದೆ ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು. ಕಾರ್ಯಾಗಾರಗಳಲ್ಲಿ ಕೆಲಸ ಕಲಿಯುವ ಹುಡುಗರಿಗೆ ಈ ಮಾತನ್ನು ಮೊದಲ ದಿನವೇ ತಿಳಿಸುವುದು ಹಿರಿಯರ ಕರ್ತವ್ಯ.

ಕೂಡದ ಯಂತ್ರಭಾಗವನ್ನು ಬಲದಿಂದ ಕೂಡಿಸುವುದು ಸುಲಭವೆಂದು ತೋರಬಹುದು. ಅದು ಏಕೆ ಕೂಡಲೊಲ್ಲದು ಎಂದು ಕೇಳುವುದೇ ವಿಜ್ಞಾನದ ದಾರಿ. ಎರಡು ಅಳತೆಗೆ ಕಡೆದ ಒಂದು ಮರದ ತುಂಡು ಹತ್ತು ಜನರ ತೋಳ್ಬಲದಿಂದಾಗದ ಕೆಲಸವನ್ನು ಮಾಡಿಕೊಡುವುದು ಈ ಕಾರಣದಿಂದಲೇ.